ಜೋಳದ ನಾಡಿಗೆ ಗೋಧಿ ಬಂದ ಕಥೆ, ಕರುಳಿನ ಬೇನೆಯ ಕಥೆ

ನಮ್ಮ ಕಡೆ ರೊಟ್ಟಿ ಅಂದರೆ ಜೋಳದ್ದು. ಬೇರೆ ಹಿಟ್ಟಿನದಾದರೆ ಮಾತ್ರ ಸಜ್ಜಿ ರೊಟ್ಟಿ, ಅಕ್ಕಿ ರೊಟ್ಟಿ ಎಂದು ಹೆಸರು ಸೇರಿಸಿ ಹೇಳುತ್ತೇವೆ. ಗೋಧಿಯದಕ್ಕಂತೂ ರೊಟ್ಟಿ ಎನ್ನುವುದೇ ಇಲ್ಲ, ಅದು ಚಪಾತಿ. ಮರಾಠಿಯಲ್ಲೂ ಹಾಗೆಯೇ, ಭಾಕರಿ ಬೇರೆ, ಪೋಳಿ ಚಪಾತಿ ಬೇರೆ. ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಎರಡು ಭಾಷೆಯವರೂ ಒಂದೇ ತಾಟಿನಲ್ಲಿ ಉಂಡವರು. ದಿನದ ಅನ್ನ ಯಾವುದು, ಹಬ್ಬದ ಅನ್ನ ಯಾವುದು ಎಂಬುದನ್ನು ಈ ಶಬ್ದಗಳೇ ಹೇಳುತ್ತವೆ.

ಇದನ್ನು ಈಗ ಬರೆಯಲು ಕಾರಣವಿದೆ. ಕರುಳಿನ ಬೇನೆ ಇರುವವರಿಗೆ "ಗೋಧಿ ಬಿಡಿ, ಎಲ್ಲ ಸರಿಹೋಗುತ್ತದೆ" ಎನ್ನುವ ಸಲಹೆ ಮೊಬೈಲಿನಲ್ಲಿ ದಿನಕ್ಕೊಂದು ಬರುತ್ತದೆ. ಕೆಲವರು ಗೋಧಿಯ ಜೊತೆಗೆ ಡಾಕ್ಟರು ಕೊಟ್ಟ ಗುಳಿಗೆಯನ್ನೂ ಬಿಟ್ಟುಬಿಡುತ್ತಾರೆ. ಇನ್ನೊಂದು ಕಡೆ, ನಿಜವಾಗಿಯೂ ಗೋಧಿ ಬಿಡಲೇಬೇಕಾದ ಮಗು "ಹೊಟ್ಟೆ ಹುಳ" ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಔಷಧಿ ಕುಡಿಯುತ್ತಾ ಬೆಳೆಯದೆ ಉಳಿಯುತ್ತದೆ. ಎರಡೂ ಕಡೆ ನಷ್ಟ ದೊಡ್ಡದು. ಯಾರು ಬಿಡಬೇಕು, ಯಾರು ಬಿಡಬೇಕಾಗಿಲ್ಲ ಎಂಬುದು ತಿಳಿಯಬೇಕಾದರೆ ಈ ಸಂಗತಿ ಹೇಗೆ ಗೊತ್ತಾಯಿತು ಎಂಬ ಇತಿಹಾಸ ತಿಳಿದಿರಬೇಕು.

ಮೊದಲು ಊಟದ ಇತಿಹಾಸ. ನಮ್ಮ ಪಕ್ಕದ ಬಸವಕಲ್ಯಾಣ 12ನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನ ಕಾಲದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಅರಸನ ಭೋಜನದ ವರ್ಣನೆ ಇದೆ. ಗೋಧಿಯನ್ನು ತೊಳೆದು, ಒಣಗಿಸಿ, ಬೀಸಿ, ಸಾಣಿಸಿ ಮಂಡಿಗೆ ಮಾಡುವ ಕ್ರಮ ಅಲ್ಲಿ ಬರುತ್ತದೆ. ಅದು ಅರಸನ ತಾಟು. ಅದೇ ಕಲ್ಯಾಣದ ಶರಣರ ಕಥೆಗಳಲ್ಲಿ ಮಾದಾರ ಚೆನ್ನಯ್ಯನ ಮನೆಯಲ್ಲಿ ಶಿವ ಉಂಡದ್ದು ಮಂಡಿಗೆ ಅಲ್ಲ, ಅಂಬಲಿ! ಕಥೆ ಭಕ್ತಿಯದು, ಆದರೆ ಬಡವರ ಮನೆಯ ಗಡಿಗೆಯಲ್ಲಿ ಏನಿತ್ತು ಎಂಬುದನ್ನೂ ಅದು ಹೇಳುತ್ತದೆ.

ಇಂದಿಗೂ ಇದಕ್ಕೆ ಸಾಕ್ಷಿ ನಮ್ಮ ಎಳ್ಳ ಅಮಾವಾಸ್ಯೆ. ಲಾತೂರ, ಧಾರಾಶಿವ ಜಿಲ್ಲೆಗಳಲ್ಲಿ ಮರಾಠಿಯವರು ಇದನ್ನು 'ವೇಳ ಅಮಾವಾಸ್ಯಾ' ಎನ್ನುತ್ತಾರೆ. ನಮ್ಮ 'ಯಳ್ಳ ಅಮಾಸಿ'ಯೇ ಅವರ ಬಾಯಲ್ಲಿ 'ವೇಳ' ಆಯಿತು ಎಂದು ಅವರೇ ಹೇಳುತ್ತಾರೆ. ಅಂದು ಹೊಲಕ್ಕೆ ಹೊರುವ ಬುಟ್ಟಿಯಲ್ಲಿ ಏನಿರುತ್ತದೆ ನೋಡಿ. ಸಜ್ಜಿಯ ಉಂಡೆ, ಕಾಳು ಸೊಪ್ಪು ಕೂಡಿಸಿದ ಭಜ್ಜಿ, ಮಜ್ಜಿಗೆ ಮತ್ತು ಜೋಳದ ಹಿಟ್ಟಿನ ಅಂಬಲಿ. ಅವರ 'ಆಂಬೀಲ', ನಮ್ಮ 'ಅಂಬಲಿ'. ಗೋಧಿ ಬರುವುದು ಖೀರಿನ ರೂಪದಲ್ಲಿ, ಸಿಹಿಯಾಗಿ, ಹಬ್ಬ ಅಂತ. ಜಾತ್ರೆಯ ಗೋಧಿ ಹುಗ್ಗಿ, ಹೋಳಿಗೆ, ಶಾವಿಗೆ ಎಲ್ಲವೂ ಹೀಗೆಯೇ, ದಿನ ಕಂಡು ಮಾಡುವ ಅಡಿಗೆಗಳು.

ಗೋಧಿಯಲ್ಲೇ ಏನಿದೆ, ಜೋಳದಲ್ಲಿ ಏನಿಲ್ಲ ಎಂಬುದನ್ನು ಮಕ್ಕಳಿಗೆ ತರಗತಿಯಲ್ಲೇ ತೋರಿಸಬಹುದು. ಒಂದು ಮುಷ್ಟಿ ಗೋಧಿ ಹಿಟ್ಟನ್ನು ನಾದಿ, ಅರ್ಧ ಗಂಟೆ ಬಿಟ್ಟು, ನೀರಿನಲ್ಲಿ ಹಿಸುಕುತ್ತಾ ತೊಳೆಯಿರಿ. ಬಿಳಿ ಪಿಷ್ಟವೆಲ್ಲ ಹರಿದುಹೋಗಿ ಕೊನೆಗೆ ರಬ್ಬರಿನಂಥ ಅಂಟು ಮುದ್ದೆ ಕೈಯಲ್ಲಿ ಉಳಿಯುತ್ತದೆ. ಅದೇ ಗ್ಲುಟೆನ್. ಇಟಲಿಯ ಬೊಲೋನ್ಯಾದ ಬೆಕ್ಕಾರಿ ಎಂಬ ವಿದ್ವಾಂಸ ಹೀಗೆ ತೊಳೆದು ಬೇರ್ಪಡಿಸಿದ್ದನ್ನು 1745ರಲ್ಲಿ ಪ್ರಕಟಿಸಿದ. ಜೋಳದ ಹಿಟ್ಟನ್ನು ಹೀಗೆ ತೊಳೆದರೆ ಎಲ್ಲವೂ ನೀರುಪಾಲು! ಅದಕ್ಕೇ ನಮ್ಮ ತಾಯಂದಿರು ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ಜಿಗಿ ಬರಿಸಿ, ಕೈಯಿಂದ ತಟ್ಟುತ್ತಾರೆ. ಚಪಾತಿಯ ಹಾಗೆ ಎಳೆದು ಲಟ್ಟಿಸಲು ಅದರಲ್ಲಿ ಆ ಅಂಟು ಇಲ್ಲ.

ಇನ್ನು ಬೇನೆಯ ಇತಿಹಾಸ. ಬಹುಕಾಲ ನಿಲ್ಲದ ಭೇದಿಗೆ ನಮ್ಮ ಹಿರಿಯರು 'ಸಂಗ್ರಹಣಿ' ಎನ್ನುತ್ತಿದ್ದರು. ಚರಕ ಸಂಹಿತೆಯಲ್ಲಿ ಗ್ರಹಣೀರೋಗಕ್ಕೆ ಒಂದು ಅಧ್ಯಾಯವೇ ಇದೆ, ಅಲ್ಲಿ ಮಜ್ಜಿಗೆಯ ಹೊಗಳಿಕೆಯೂ ಇದೆ. ಗ್ರೀಕ್ ವೈದ್ಯ ಅರೆಟಿಯಸ್ ಸುಮಾರು 1800 ವರ್ಷಗಳ ಹಿಂದೆ ಇಂಥ ರೋಗಿಗಳನ್ನು ವರ್ಣಿಸಿ, ಹೊಟ್ಟೆ ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಹೆಸರಿಟ್ಟ. ಇವೆಲ್ಲ ಲಕ್ಷಣ ನೋಡಿ ಇಟ್ಟ ಹೆಸರುಗಳು. ಒಂದೇ ಹೆಸರಿನ ಕೆಳಗೆ ಹತ್ತು ಬೇರೆ ಬೇರೆ ಬೇನೆಗಳು ಇದ್ದಿರಬಹುದು ಎಂಬುದನ್ನು ನೆನಪಿಡಬೇಕು.

1887ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯ ಮಕ್ಕಳಲ್ಲಿ ಕಾಣುವ ಈ ಬೇನೆಯ ಬಗ್ಗೆ ಉಪನ್ಯಾಸ ಕೊಟ್ಟು, ಮರುವರ್ಷ ಅಚ್ಚು ಮಾಡಿಸಿದ. ಉಬ್ಬಿದ ಹೊಟ್ಟೆ, ಒಣಗಿದ ಕೈಕಾಲು, ಬಿಳಿಚಿದ ಮಲ, ನಿಂತುಹೋದ ಬೆಳವಣಿಗೆ. ಇದು ಗುಣವಾಗುವುದಾದರೆ ಪಥ್ಯದಿಂದಲೇ ಆಗಬೇಕು ಎಂದು ಅವನು ಸರಿಯಾಗಿಯೇ ಊಹಿಸಿದ್ದ. ಆದರೆ ಯಾವ ಪಥ್ಯ? ಅದು ತಿಳಿಯಲು ಇನ್ನೂ ಅರವತ್ತು ವರ್ಷ ಬೇಕಾಯಿತು. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ತಂದ. ಬ್ರೆಡ್ಡು, ಬಿಸ್ಕೀಟು ಬಂದ್, ಬಾಳೆಹಣ್ಣು ಸಾಕಷ್ಟು. ಮಕ್ಕಳು ಚೇತರಿಸಿಕೊಂಡರು. ಕೀರ್ತಿಯೆಲ್ಲ ಬಾಳೆಹಣ್ಣಿಗೆ ಹೋಯಿತು! ಗುಣ ಮಾಡಿದ್ದು ತಿಂದ ಹಣ್ಣಲ್ಲ, ಬಿಟ್ಟ ಬ್ರೆಡ್ಡು. ಪರಿಣಾಮ ಕಂಡರೂ ಕಾರಣ ತಪ್ಪಾಗಿ ತಿಳಿಯುವುದು ಎಷ್ಟು ಸುಲಭ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ನಿಜವಾದ ಕಾರಣ ಹಿಡಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿದ್ದ ಅವರಿಗೆ 1930ರ ದಶಕದಲ್ಲೇ ಗೋಧಿಯ ಮೇಲೆ ಸಂಶಯ ಬಂದು ಗೋಧಿಯಿಲ್ಲದ ಪಥ್ಯವನ್ನು ಪರೀಕ್ಷಿಸತೊಡಗಿದ್ದರು. ಆಮೇಲೆ ಎರಡನೆಯ ಮಹಾಯುದ್ಧ ಬಂತು. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಘೋರ ಬರಗಾಲ. ಜನ ಟ್ಯುಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದರು. ಊರೆಲ್ಲ ಸೊರಗುತ್ತಿರುವಾಗ ಈ ಬೇನೆಯ ಮಕ್ಕಳ ಕರುಳು ಮಾತ್ರ ಸುಧಾರಿಸಿತು, ಏಕೆಂದರೆ ಬ್ರೆಡ್ಡೇ ಇರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಮತ್ತೆ ಬ್ರೆಡ್ಡು ಸಿಕ್ಕಿತು, ಬೇನೆಯೂ ಮರಳಿತು. ಬರಗಾಲವೇ ಅವರಿಗೆ ಈ ವಿಚಾರ ಹೊಳೆಯಿಸಿತು ಎಂದು ಹಲವರು ಬರೆಯುತ್ತಾರೆ. ಹಾಗಲ್ಲ, ವಿಚಾರ ಮೊದಲೇ ಇತ್ತು, ಬರಗಾಲ ಅದಕ್ಕೆ ಬಲ ಕೊಟ್ಟಿತು. 1950ರಲ್ಲಿ ಅವರು ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ತಮ್ಮ ಪ್ರಬಂಧ ಸಲ್ಲಿಸಿದರು. ಮಲದಲ್ಲಿ ಕೊಬ್ಬು ಎಷ್ಟು ಹೋಗುತ್ತದೆ ಎಂದು ಅಳೆದು ಅವರೂ ಸಹೋದ್ಯೋಗಿಗಳೂ ಸಾಬೀತು ಮಾಡಿದರು. ಕೇಡು ಇರುವುದು ಆ ಅಂಟಿನ ಅಂಶದಲ್ಲಿ, ಗೋಧಿಯ ಪಿಷ್ಟದಲ್ಲಲ್ಲ ಎಂಬುದೂ ಆ ವರ್ಷಗಳಲ್ಲೇ ಸ್ಪಷ್ಟವಾಯಿತು.

ಇಂದು ಈ ಬೇನೆಗೆ ಸೀಲಿಯಾಕ್ ಕಾಯಿಲೆ ಎನ್ನುತ್ತಾರೆ. ಇದು ಅಜೀರ್ಣವೂ ಅಲ್ಲ, ಅಲರ್ಜಿಯೂ ಅಲ್ಲ. ಹುಟ್ಟಿನಿಂದ ಕೆಲವು ವಂಶವಾಹಿಗಳನ್ನು ಪಡೆದವರಲ್ಲಿ ಕೆಲವರ ದೇಹ ಗ್ಲುಟೆನ್ ಕಂಡ ಕೂಡಲೇ ತನ್ನ ಕರುಳಿನ ಮೇಲೇ ಯುದ್ಧ ಸಾರುತ್ತದೆ. ಸಣ್ಣ ಕರುಳಿನ ಒಳಗೆ ಆಹಾರ ಹೀರುವ, ಬೆರಳಿನಂಥ ಸೂಕ್ಷ್ಮ ಎಳೆಗಳು ಸವೆದು ಬಯಲಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಕಬ್ಬಿಣಾಂಶ ಸಿಗದೆ ರಕ್ತ ಕಡಿಮೆಯಾಗುತ್ತದೆ, ಸುಣ್ಣದ ಅಂಶ ಸಿಗದೆ ಎಲುಬು ಸೋಲುತ್ತದೆ, ಮಗು ಗಿಡ್ಡವಾಗಿ ಉಳಿಯುತ್ತದೆ. ಗೋಧಿ, ಬಾರ್ಲಿ, ರೈ ಈ ಮೂರೂ ವರ್ಜ್ಯ. ಜೋಳ, ಸಜ್ಜಿ, ರಾಗಿ, ನವಣಿ, ಅಕ್ಕಿ, ಮೆಕ್ಕೆಜೋಳ ಇವುಗಳಲ್ಲಿ ಈ ಕೇಡಿನ ಗ್ಲುಟೆನ್ ಇಲ್ಲ. ಸೀಲಿಯಾಕ್ ರೋಗಿಗಳಿಗೆ ಜೋಳದ ತಿನಿಸು ಕೊಟ್ಟು ನೋಡಿ, ಅದು ಸುರಕ್ಷಿತ ಎಂದು ಇಟಲಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ನಮ್ಮ ಅಜ್ಜಿಯ ರೊಟ್ಟಿಗೆ ಇಟಲಿಯಿಂದ ಸರ್ಟಿಫಿಕೇಟು!

ನಮ್ಮ ದೇಶದ ವಿಷಯಕ್ಕೆ ಬರೋಣ. 1966ರಲ್ಲಿ ಉತ್ತರ ಭಾರತದ ಮಕ್ಕಳಲ್ಲಿ ಈ ಕಾಯಿಲೆ ಇದೆ ಎಂಬ ವರದಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಅಲ್ಲಿಯವರೆಗೆ ಇದು ಬಿಳಿಯರ ಕಾಯಿಲೆ ಎಂಬ ಭಾವನೆ ಇತ್ತು. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಉತ್ತರ, ಈಶಾನ್ಯ, ದಕ್ಷಿಣ ಭಾರತದ 23 ಸಾವಿರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಲಾಯಿತು. ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಕೇವಲ 0.10. ಹಾಗಾದರೆ ದಕ್ಷಿಣದವರ ರಕ್ತವೇ ಬೇರೆಯೇ? ಅಲ್ಲ. ಕಾಯಿಲೆಗೆ ಬೇಕಾದ ವಂಶವಾಹಿಗಳು ಎರಡೂ ಕಡೆ ಸುಮಾರು ಮೂರರಲ್ಲಿ ಒಬ್ಬರಿಗೆ ಇದ್ದವು. ವ್ಯತ್ಯಾಸ ಇದ್ದದ್ದು ತಾಟಿನಲ್ಲಿ. ಉತ್ತರದವರ ದಿನದ ಗೋಧಿ ಸರಾಸರಿ 455 ಗ್ರಾಂ, ದಕ್ಷಿಣದವರದು 25 ಗ್ರಾಂ! ಗೋಧಿಯೊಂದೇ ಎಲ್ಲ ವ್ಯತ್ಯಾಸಕ್ಕೆ ಕಾರಣ ಎಂದು ಹೇಳಲಾಗದು. ಈಶಾನ್ಯದವರೂ ಗೋಧಿ ಕಡಿಮೆ ತಿನ್ನುವವರೇ. ಆದರೂ ಊಟ ಬದಲಾಗುತ್ತಿರುವ ನಮ್ಮಂಥ ನಾಡಿಗೆ ಈ ಅಂಕಿಗಳು ಎಚ್ಚರಿಕೆ ಕೊಡುತ್ತವೆ.

ಏಕೆಂದರೆ ನಾವಿರುವುದು ಎರಡರ ನಡುವೆ. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಗಡಿ ಸರಿಯಿತು, ಹೊಲ ಸರಿಯಲಿಲ್ಲ. ಕರಿ ಎರೆ ಮಣ್ಣು, ಹಿಂಗಾರಿ ಜೋಳ ಹಾಗೆಯೇ ಉಳಿದವು. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆರಿಸಿದ ಮಾಲದಂಡಿ ಜೋಳ ಇಂದಿಗೂ ಬಿತ್ತನೆಯಲ್ಲಿದೆ. ಸೀತನಿ ಕಾಲದಲ್ಲಿ ಹಸಿ ತೆನೆ ಸುಟ್ಟು ತಿಂದು, ಸುಗ್ಗಿಯಾದ ಮೇಲೆ ಹಗೇವಿನಲ್ಲಿ ತುಂಬಿ, ಕಣಕಿ ದನಕ್ಕೆ ಹಾಕಿ ಬದುಕಿದ ನಾಡಿದು.

ಗೋಧಿ ಬಂದದ್ದು ಹಂತ ಹಂತವಾಗಿ. ಅಮೆರಿಕದ 1954ರ ಪಿ.ಎಲ್. 480 ಕಾಯಿದೆಯ ಅಡಿ 1956ರಲ್ಲಿ ಭಾರತ ಒಪ್ಪಂದ ಮಾಡಿಕೊಂಡಿತು. ಹಡಗುಗಟ್ಟಲೆ ಗೋಧಿ ಬಂತು. ಬರದ ವರ್ಷವಾದ 1966ರಲ್ಲಿ ಹೊರಗಿನಿಂದ ಬಂದ ಧಾನ್ಯ ಸುಮಾರು ಒಂದು ಕೋಟಿ ಟನ್. ಅದೇ ವರ್ಷ ಮೆಕ್ಸಿಕೋದಿಂದ 18 ಸಾವಿರ ಟನ್ ಗಿಡ್ಡ ಗೋಧಿಯ ಬೀಜ ತರಿಸಲಾಯಿತು. 1968ರಲ್ಲಿ ಗೋಧಿ ಕ್ರಾಂತಿಯ ಅಂಚೆಚೀಟಿಯೇ ಬಂತು. ಆ ಗೋಧಿ ಕೋಟ್ಯಂತರ ಜನರನ್ನು ಹಸಿವಿನಿಂದ ಉಳಿಸಿತು, ಇದನ್ನು ಮರೆತು ಗೋಧಿಯನ್ನು ಬಯ್ಯುವುದು ಕೃತಘ್ನತೆ. 1972ರ ಬರಗಾಲ ಮರಾಠವಾಡದ ಹಿರಿಯರಿಗೆ ಇಂದಿಗೂ ನೆನಪು. ಕಲ್ಲು ಒಡೆಯುವ ಕಾಮಗಾರಿ, ಕಾಮಗಾರಿಯಲ್ಲಿ ಹಂಚಿದ ಸುಕಡಿ, ಅಮೆರಿಕದ ಕೆಂಪು ಮಿಲೋ ಜೋಳ. ಹಗೇವು ಖಾಲಿಯಾದ ಮೇಲೆ ಹೊರಗಿನ ಧಾನ್ಯವೇ ಗತಿಯಾಯಿತು.

ಆಮೇಲೆ 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪ. ಕಿಲ್ಲಾರಿ, ಸಾಸ್ತೂರ ಪರಿಸರದ ಊರುಗಳು ಗಣೇಶನ ವಿಸರ್ಜನೆ ಮಾಡಿ ಮಲಗಿದ್ದ ರಾತ್ರಿಯಲ್ಲೇ ನೆಲಸಮವಾದವು. ಹತ್ತು ಸಾವಿರದಷ್ಟು ಜನ ಹೋದರು. ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಮನೆಗಳ ಜಾಗದಲ್ಲಿ ಹೊಸ ನಿವೇಶನ, ಸಿಮೆಂಟಿನ ಸಣ್ಣ ಮನೆಗಳು ಬಂದವು. ಅಲ್ಲಿ ಹಗೇವಿಗೂ ಕಣಕಿಯ ಬಣವಿಗೂ ಮೊದಲಿನಷ್ಟು ಜಾಗ ಎಲ್ಲಿ? ಅದೇ ದಶಕದಿಂದ ಮುಂಗಾರಿಗೆ ಸೋಯಾಬೀನ್ ಹಬ್ಬಿತು. ಜೋಳ ಕೊಯ್ಯಲು ಕಿತ್ತಲು ಆಳು ಸಿಗದು, ಸೋಯಾಕ್ಕೆ ರೊಕ್ಕ ಕೈಗೆ ಬರುತ್ತದೆ. ರೇಷನ್ ಅಂಗಡಿಯಲ್ಲಿ 2013ರ ಆಹಾರ ಭದ್ರತಾ ಕಾಯಿದೆ ಪ್ರಕಾರ ಗೋಧಿ ಕಿಲೋಗೆ 2 ರೂಪಾಯಿ ಆಯಿತು, 2023ರಿಂದ ಪುಕ್ಕಟೆ. ಜೋಳವನ್ನು ಪೇಟೆಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ಒಂದು ಕಾಲದಲ್ಲಿ ಅರಸ ಉಂಡದ್ದು ಗೋಧಿ, ಬಡವ ಉಂಡದ್ದು ಜೋಳ. ಈಗ ಬಡವನಿಗೆ ಗೋಧಿ, ಉಳ್ಳವರಿಗೆ 'ಮಿಲೆಟ್'! ಸೀಲಿಯಾಕ್ ಇರುವ ಬಡ ಮಗುವಿನ ಪಾಲಿಗೆ ಇದು ಬರೀ ಚೋದ್ಯವಲ್ಲ. ಪುಕ್ಕಟೆ ಸಿಗುವ ಧಾನ್ಯವೇ ಅದಕ್ಕೆ ವಿಷ.

ಇನ್ನು ಎರಡನೆಯ ಪ್ರಶ್ನೆ. ಕರುಳಿನ ದೀರ್ಘಕಾಲದ ಉರಿಯೂತ ಇದೆಯಲ್ಲ, ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆ, ಅದಕ್ಕೂ ಗೋಧಿಗೂ ಏನು ಸಂಬಂಧ? ಇವುಗಳ ಇತಿಹಾಸ ಬೇರೆ. ಮೊದಲನೆಯದನ್ನು 1859ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ ವರ್ಣಿಸಿದ. ಎರಡನೆಯದನ್ನು 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಮೂವರು ಸೇರಿ 14 ರೋಗಿಗಳ ಆಧಾರದ ಮೇಲೆ ಬರೆದರು. 1940ರ ದಶಕದಲ್ಲಿ ಸ್ವೀಡನ್ನಿನ ವೈದ್ಯೆ ನಾನಾ ಸ್ವಾರ್ಟ್ಸ್ ತಂದ ಸಲ್ಫಾಸಲಜೀನ್ ಗುಳಿಗೆಯಿಂದ ಔಷಧಿಯ ದಾರಿ ತೆರೆಯಿತು. ಸೀಲಿಯಾಕ್‌ನಲ್ಲಿ ಗೋಧಿ ಬಿಟ್ಟರೆ ಕರುಳು ಮಾಯುತ್ತದೆ. ಈ ಎರಡು ಕಾಯಿಲೆಗಳಲ್ಲಿ ಗೋಧಿ ಬಿಟ್ಟರೆ ಉರಿಯೂತ ಮಾಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ಆದರೂ ಹಲವರಿಗೆ ಆರಾಮ ಅನಿಸುವುದು ಸುಳ್ಳಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ ಇಂಥ 1647 ರೋಗಿಗಳನ್ನು ಕೇಳಿದಾಗ, ನೂರಕ್ಕೆ 19ರಷ್ಟು ಜನ ಗ್ಲುಟೆನ್ ಬಿಟ್ಟು ನೋಡಿದ್ದರು, ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಹೊಟ್ಟೆಯ ತೊಂದರೆ ಕಡಿಮೆಯಾಯಿತು ಎಂದರು. ಇದು ಜನ ಹೇಳಿದ ಮಾತು, ಕರುಳನ್ನು ನೋಡಿದ ಪರೀಕ್ಷೆಯಲ್ಲ. ಆರಾಮಕ್ಕೆ ಇನ್ನೊಂದು ಕಾರಣವೂ ಇರಬಹುದು. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಒಂದು ಬಗೆಯ ಶರ್ಕರ ಇದೆ. ಉಳ್ಳಾಗಡ್ಡಿ, ಬಳ್ಳೊಳ್ಳಿಯಲ್ಲೂ ಅದೇ ಇದೆ. ಅದು ಜೀರ್ಣವಾಗದೆ ದೊಡ್ಡ ಕರುಳಿನಲ್ಲಿ ಹುಳಿತು ವಾಯು ತುಂಬುತ್ತದೆ. ಗೋಧಿ ಆಗದು ಎನ್ನುವ, ಆದರೆ ಸೀಲಿಯಾಕ್ ಇಲ್ಲದ ಜನರ ಮೇಲೆ ನಾರ್ವೆಯಲ್ಲಿ ನಡೆದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೊಟ್ಟೆ ಉಬ್ಬರ ತಂದದ್ದು ಗ್ಲುಟೆನ್‌ಗಿಂತ ಫ್ರಕ್ಟಾನೇ ಹೆಚ್ಚು. ಮತ್ತೆ ಬಾಳೆಹಣ್ಣಿನ ಪಾಠ ನೆನಪಾಗುವುದಿಲ್ಲವೇ? ಹೊಟ್ಟೆ ಹಗುರಾಗುವುದು ಬೇರೆ, ಒಳಗಿನ ಹುಣ್ಣು ಮಾಯುವುದು ಬೇರೆ. ಹಗುರಾಯಿತು ಎಂದು ಗುಳಿಗೆ ಬಿಟ್ಟವರ ಹುಣ್ಣು ಸದ್ದಿಲ್ಲದೆ ಮುಂದುವರಿಯಬಹುದು.

ಇಷ್ಟು ಇತಿಹಾಸದಿಂದ ಮನೆಗೆ ಒಯ್ಯಬೇಕಾದ ಮಾತುಗಳು ಕೆಲವು. ಮೊದಲನೆಯದು, ಪರೀಕ್ಷೆಗೆ ಮುಂಚೆ ಗೋಧಿ ಬಿಡಬಾರದು. ಸೀಲಿಯಾಕ್ ಗುರುತಿಸುವ ರಕ್ತ ಪರೀಕ್ಷೆ ಮತ್ತು ಕರುಳಿನ ಬಯಾಪ್ಸಿ ಗೋಧಿ ತಿನ್ನುತ್ತಿರುವಾಗಲೇ ಸರಿಯಾದ ಉತ್ತರ ಕೊಡುತ್ತವೆ. ಮೊದಲೇ ಬಿಟ್ಟರೆ ಕಳ್ಳ ಮನೆ ಬಿಟ್ಟು ಹೋದ ಮೇಲೆ ಪಂಚನಾಮೆ ಮಾಡಿದಂತೆ. ಎರಡನೆಯದು, ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ಹಾಗೆಯೇ ಕಾಣುತ್ತದೆ, ಅದಕ್ಕೆ ಔಷಧಿಯೇ ಬೇರೆ. ಆದ್ದರಿಂದ ಯಾವ ಬೇನೆ ಎಂದು ತಜ್ಞರಿಂದ ಖಚಿತವಾಗಬೇಕು.

ಮೂರನೆಯದು, ಸೀಲಿಯಾಕ್ ಎಂದು ಖಚಿತವಾದರೆ ಪಥ್ಯ ಜೀವನಪೂರ್ತಿ, ಚೂರೂ ಬಿಡುವಿಲ್ಲ. ಖಪಲಿ ಗೋಧಿ, ಅಂದರೆ ಸದಕ ಅಥವಾ ಜವೆ ಗೋಧಿ, ಹಳೆಯ ತಳಿಯಾದ್ದರಿಂದ ನಡೆಯುತ್ತದೆ ಎಂಬ ಮಾತು ನಮ್ಮ ಕಡೆ ಇದೆ. ನಡೆಯುವುದಿಲ್ಲ, ಅದರಲ್ಲೂ ಗ್ಲುಟೆನ್ ಇದೆ. ರವೆ, ಮೈದಾ, ಶಾವಿಗೆ ಎಲ್ಲವೂ ಗೋಧಿಯೇ. ಅಂಗಡಿಯ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುವುದುಂಟು, ಡಬ್ಬಿಯ ಮೇಲೆ ಓದಿ ನೋಡಬೇಕು. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಹಾಕಿದರೆ ಜೋಳದ ಹಿಟ್ಟೂ ಕೆಡುತ್ತದೆ. ಬೇರೆ ಗಿರಣಿ, ಇಲ್ಲವೆ ಅಟ್ಟದ ಮೇಲಿನ ಹಳೆಯ ಬೀಸುಕಲ್ಲು ಇಳಿಸಬೇಕು.

ನಾಲ್ಕನೆಯದು, ಕೊಲೈಟಿಸ್ ಕ್ರೋನ್ಸ್ ಇರುವವರಿಗೆ ಜೋಳ ಒಳ್ಳೆಯದು ಎಂದು ಕಾಯಿಲೆ ಕೆರಳಿದ ದಿನಗಳಲ್ಲಿ ಕಡಕ್ ರೊಟ್ಟಿ, ಪುಂಡಿಪಲ್ಯ ಕೊಡಬಾರದು. ಕರುಳು ಇಕ್ಕಟ್ಟಾದವರಿಗೆ ನಾರು ಸಿಕ್ಕಿಕೊಳ್ಳಬಹುದು. ಮೆತ್ತಗೆ ಬೇಯಿಸಿದ ಅನ್ನ, ತೆಳ್ಳಗಿನ ಗಂಜಿ, ಸೋಸಿದ ಹಿಟ್ಟಿನ ಅಂಬಲಿ ಇಂಥವು ಹಗುರ. ಮಜ್ಜಿಗೆ ಹಾಲು ಆಗುತ್ತದೆಯೇ ಎಂಬುದು ಅವರವರ ಹೊಟ್ಟೆಗೆ ಬಿಟ್ಟದ್ದು. ಗೋಧಿ ಬಿಟ್ಟು ನೋಡುವುದಿದ್ದರೆ ಡಾಕ್ಟರಿಗೆ ಹೇಳಿ, ಔಷಧಿ ಮುಂದುವರಿಸುತ್ತಾ, ಕೆಲವು ವಾರ ನೋಡಬೇಕು. ಪ್ರಯೋಜನ ಕಾಣದಿದ್ದರೆ ಮತ್ತೆ ತಿನ್ನಬೇಕು. ಮೊದಲೇ ಸೊರಗಿದ ಶರೀರದಿಂದ ಇನ್ನೊಂದು ಆಹಾರ ಕಸಿಯುವುದು ಸಣ್ಣ ವಿಷಯವಲ್ಲ.

ಕೊನೆಗೆ ನಮ್ಮ ಶಾಲೆಗಳ ಮಾತು. ಎತ್ತರ, ತೂಕ ಬರೆಯುವ ರಿಜಿಸ್ಟರು ಎಲ್ಲ ಶಾಲೆಗಳಲ್ಲೂ ಇದೆ. ಎರಡು ವರ್ಷ ಒಂದೇ ಅಂಕಿ ಇರುವ ಮಗು, ಕಬ್ಬಿಣದ ಗುಳಿಗೆ ನುಂಗಿದರೂ ಮುಖ ಬಿಳಿಚಿರುವ ಮಗು, ಪದೇ ಪದೇ ಹೊಟ್ಟೆ ಕೆಟ್ಟು ಗೈರಾಗುವ ಮಗು ನಮ್ಮ ಕಣ್ಣಿಗೆ ಬೀಳಬೇಕು. ಎಲ್ಲರಿಗೂ ಸೀಲಿಯಾಕ್ ಎಂದಲ್ಲ, ನಮ್ಮ ಭಾಗದಲ್ಲಿ ಬೇರೆ ಕಾರಣಗಳೇ ಹೆಚ್ಚು. ಆದರೆ ದವಾಖಾನೆಗೆ ಹೋದಾಗ "ಗೋಧಿಯ ಪರೀಕ್ಷೆಯೂ ಆಗಲಿ" ಎಂದು ಕೇಳುವ ಧೈರ್ಯ ಪಾಲಕರಿಗೆ ಬರಬೇಕು. ಒಂದು ವೇಳೆ ಅದೇ ಎಂದು ಗೊತ್ತಾದರೆ, ಬಿಸ್ಕೀಟು ಹಂಚುವ ದಿನ ಆ ಮಗುವಿನ ಕೈಗೆ ಒಂದು ಶೇಂಗಾ ಉಂಡೆ ಕೊಡುವುದು ನಮ್ಮ ಕೆಲಸ. ಅದರ ಡಬ್ಬಿಯಲ್ಲಿ ಜೋಳದ ರೊಟ್ಟಿ ಇದ್ದರೆ "ಬಡವರ ಊಟ" ಎಂದು ಯಾರೂ ನಗದಂತೆ ನೋಡಿಕೊಳ್ಳುವುದೂ ನಮ್ಮ ಕೆಲಸವೇ. ಆ ರೊಟ್ಟಿಯ ಇತಿಹಾಸ ತಿಳಿದ ಮಕ್ಕಳು ನಗಲಾರರು.